ಫೋನಿಗೆ ನೆಟ್ ಇದೆ, ಸ್ಪೀಕರ್‌ಗೆ ಇಲ್ಲ: ಒಂದು ಮನೆಯ ವೈಫೈ ಪ್ರಕರಣ

ಮೈಸೂರಿನ ಒಂದು ಹಳೇ ಮನೆ. ಅಲ್ಲಿ ಅಜ್ಜಿಯ ಕೋಣೆಯಲ್ಲಿದ್ದ ಸ್ಮಾರ್ಟ್ ಸ್ಪೀಕರ್ ತಿಂಗಳುಗಟ್ಟಲೆ ಕೈಕೊಡುತ್ತಿತ್ತು. ಮನೆಯವರು ಸ್ಪೀಕರ್ ಬದಲಾಯಿಸಿದರು, ಇಂಟರ್ನೆಟ್ ಪ್ಲಾನ್ ಏರಿಸಿದರು, ರೂಟರ್‌ಗೆ ಯುಪಿಎಸ್ ಹಾಕಿಸಿದರು. ಯಾವುದರಿಂದಲೂ ಪೂರ್ತಿ ಸರಿಹೋಗಲಿಲ್ಲ. ಮನೆ, ಅಂಗಡಿಗಳ ನೆಟ್‌ವರ್ಕ್ ನೋಡಿಕೊಡುವುದು ನನ್ನ ಕೆಲಸ. ಕೊನೆಗೆ ಈ ಮನೆಯ ತೊಂದರೆ ನನ್ನ ಹತ್ತಿರ ಬಂತು. ಮನೆಯವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಇಂಟರ್ನೆಟ್ ಕಂಪನಿ, ಸ್ಪೀಕರ್‌ನ ಬ್ರ್ಯಾಂಡ್ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ತೊಂದರೆ ಏನಿತ್ತು, ಹೇಗೆ ಸಿಕ್ಕಿತು ಅನ್ನುವುದು ಮಾತ್ರ ಇದ್ದದ್ದು ಇದ್ದ ಹಾಗೆ.

ಮನೆಯಲ್ಲಿ ಒಂದಕ್ಕಿಂತ ಹೆಚ್ಚು ರೂಟರ್ ಇಟ್ಟುಕೊಂಡವರು ಇದನ್ನು ಓದಲೇಬೇಕು ಅಂತ ನನಗೆ ಅನಿಸುತ್ತದೆ. ಮೂಲೆಯ ಕೋಣೆಗೆ ಸಿಗ್ನಲ್ ಬರುವುದಿಲ್ಲ ಅಂತ ಹಳೇ ರೂಟರ್ ಒಂದನ್ನು ಜೋಡಿಸಿಕೊಂಡ ಮನೆಗಳಲ್ಲಿ ಇದೇ ತಪ್ಪು ಸುಲಭವಾಗಿ ನುಸುಳುತ್ತದೆ.

ಮನೆ ಮತ್ತು ಮನೆಯವರು

ಅಜ್ಜಿಗೆ ಎಪ್ಪತ್ತೈದು ದಾಟಿದೆ. ಗ್ಲಾಕೋಮಾದಿಂದ ಎರಡೂ ಕಣ್ಣಿನ ನೋಟ ಬಹಳ ಕುಗ್ಗಿದೆ. ಮಗಳು, ಪಿಯುಸಿ ಓದುವ ಮೊಮ್ಮಗಳು ಜೊತೆಗಿದ್ದಾರೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಶನಿವಾರ ಬಂದು ಹೋಗುತ್ತಾರೆ. ಸ್ಪೀಕರ್ ತಂದುಕೊಟ್ಟದ್ದು ಅವರೇ.

ಆ ಸ್ಪೀಕರ್ ಅಜ್ಜಿಗೆ ಶೋಕಿಯ ಸಾಮಾನಲ್ಲ. ಗಡಿಯಾರ ಕಾಣದವರಿಗೆ ಗಂಟೆ ಎಷ್ಟು ಅಂತ ಯಾರನ್ನೂ ಕರೆಯದೆ ತಿಳಿಯುವುದು ದೊಡ್ಡ ನೆಮ್ಮದಿ. ಬೆಳಿಗ್ಗೆ ಭಕ್ತಿಗೀತೆ, ಮಧ್ಯಾಹ್ನ ವಾರ್ತೆ, ಸಂಜೆ ಹಳೇ ಸಿನಿಮಾ ಹಾಡು. ಇದಕ್ಕೆಲ್ಲ ಬೇಕಾದ ನಾಲ್ಕೈದು ಇಂಗ್ಲಿಷ್ ವಾಕ್ಯಗಳನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿನ ಹನಿ. ಬೆಳಿಗ್ಗೆ ಒಂದು ಸಲ, ರಾತ್ರಿ 9ಕ್ಕೆ ಇನ್ನೊಂದು ಸಲ ಹಾಕಿಕೊಳ್ಳಬೇಕು. ಗ್ಲಾಕೋಮಾದಲ್ಲಿ ಒಮ್ಮೆ ಹೋದ ನೋಟ ಮತ್ತೆ ಬರುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳಲು ಹನಿ ಬೇಕೇ ಬೇಕು. ಅದನ್ನು ನೆನಪಿಸುತ್ತಿದ್ದದ್ದು ಸ್ಪೀಕರ್. ಹಾಗಾಗಿ ಇಲ್ಲಿ ವೈಫೈ ತಪ್ಪುವುದು ಅಂದರೆ ಹಾಡು ನಿಲ್ಲುವುದಷ್ಟೇ ಅಲ್ಲ.

ಮನೆಯ ಮುಂಭಾಗ ಹಳೇ ಕಾಲದ್ದು. ದಪ್ಪ ಇಟ್ಟಿಗೆ, ಗಾರೆಯ ಗೋಡೆಗಳು. ಫೈಬರ್ ಕನೆಕ್ಷನ್‌ನ ಬಾಕ್ಸ್ (ಮನೆಯ ಮುಖ್ಯ ರೂಟರ್ ಅದೇ) ಮುಂದಿನ ಹಾಲ್‌ನಲ್ಲಿ, ಟಿವಿ ಪಕ್ಕದಲ್ಲಿದೆ. ಅಜ್ಜಿಯ ಕೋಣೆ ಹಿತ್ತಲಿನ ಕಡೆಗೆ. ನಡುವೆ ಅಂಥ ಎರಡು ಗೋಡೆಗಳು. ಹಾಲ್‌ನ ವೈಫೈ ಆ ಕೋಣೆಯೊಳಗೆ ಬರುವಷ್ಟರಲ್ಲಿ ಮೈನಸ್ 78 ಡಿಬಿಎಂ ಆಗಿರುತ್ತಿತ್ತು. ಡಿಬಿಎಂ ಅಂದರೆ ಸಿಗ್ನಲ್ ಬಲ ಅಳೆಯುವ ಮಾನ. ಈ ಸಂಖ್ಯೆ ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಬಲ ಜಾಸ್ತಿ. ನಿಂತಲ್ಲೇ ನಿಂತು ಹಾಡು ಕೇಳಿಸಬೇಕಾದ ಸಾಧನಕ್ಕೆ ಮೈನಸ್ 67ರ ಆಸುಪಾಸಿಗಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು. ಪ್ರತಿ 3 ಡಿಬಿ ಇಳಿದರೆ ಸಿಗ್ನಲ್‌ನ ಶಕ್ತಿ ಅರ್ಧ ಆಗುತ್ತದೆ. ಹಾಗೆ ಲೆಕ್ಕ ಹಾಕಿದರೆ 67ಕ್ಕೂ 78ಕ್ಕೂ ಇರುವ ಅಂತರ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಆದ್ದರಿಂದ ಮೊದಲ ತೀರ್ಮಾನ ಸರಿಯಾಗಿಯೇ ಇತ್ತು: ಹಿಂದಿನ ಕೋಣೆಗೆ ಇನ್ನೊಂದು ವೈಫೈ ಬೇಕು. ಮೊದಲು ಪ್ಲಗ್‌ಗೆ ಚುಚ್ಚಿದರೆ ವೈಫೈಯನ್ನು ಮುಂದಕ್ಕೆ ದಾಟಿಸುವ ರಿಪೀಟರ್ ತಂದರು. ಅದನ್ನು ಎಲ್ಲಿ ಚುಚ್ಚಿದರೂ ಒಂದು ಗೋಡೆ ಅಡ್ಡ ಬರುತ್ತಿತ್ತು, ವಾಪಸ್ ಕೊಟ್ಟರು. ಆಮೇಲೆ ಹಾಲ್‌ನಿಂದ ಹಿಂದಿನ ಓಣಿಯವರೆಗೆ ನೆಟ್‌ವರ್ಕ್ ಕೇಬಲ್ ಎಳೆಸಿದರು. ಮನೆಯಲ್ಲಿ ಹಿಂದಿನ ಕನೆಕ್ಷನ್ ಕಾಲದ ಹಳೇ ರೂಟರ್ ಒಂದು ಬಿದ್ದಿತ್ತು. ಕೇಬಲ್ ಎಳೆದವರು ಅದನ್ನೇ ತುದಿಗೆ ಜೋಡಿಸಿ, ಹಾಲ್‌ನ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅದಕ್ಕೂ ಕೊಟ್ಟು ಹೋದರು. ಅಜ್ಜಿಯ ಕೋಣೆಯಲ್ಲಿ ಫೋನ್‌ನ ವೈಫೈ ಗೆರೆಗಳು ತುಂಬಿ ನಿಂತವು. ಎಲ್ಲರಿಗೂ ಖುಷಿ.

ತೊಂದರೆ ಶುರುವಾದದ್ದು ಅದಾದ ಮೇಲೆ. ಕೇಬಲ್ ಬಂದ ಮೇಲೂ ಸ್ಪೀಕರ್ ಆಗಾಗ ಸುಮ್ಮನಾಗುತ್ತಿತ್ತು. ಏನು ಕೇಳಿದರೂ ಇಂಟರ್ನೆಟ್ ಸಿಗುತ್ತಿಲ್ಲ ಅಂತ ಒಂದೇ ಉತ್ತರ. ಕೆಲವು ವಾರ ಎಲ್ಲ ಚೆನ್ನಾಗಿರುತ್ತಿತ್ತು. ಕೆಲವೊಮ್ಮೆ ಎರಡು ದಿನ ನಡೆಯುತ್ತಲೇ ಇರಲಿಲ್ಲ.

ಮನೆಯವರು ಮಾಡಿ ನೋಡಿದ್ದು

ಮಗ ಮೊದಲು ಇಂಟರ್ನೆಟ್ ಪ್ಲಾನ್ ಏರಿಸಿದರು. ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಆದರೆ ಇಂಥ ತೊಂದರೆಗೆ ಸಂಬಂಧವೇ ಇಲ್ಲದ ದಾರಿ. ಸ್ಪೀಕರ್‌ನಲ್ಲಿ ಹಾಡು ಕೇಳಲು ಸಾಮಾನ್ಯವಾಗಿ ಅರ್ಧ ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಇವರ ಮನೆಗೆ ಬರುತ್ತಿದ್ದದ್ದು 100.

ಮುಂದೆ ಸ್ಪೀಕರ್ ಮೇಲೆ ಅನುಮಾನ ಬಂತು. ವಾರಂಟಿಯಲ್ಲಿ ಬದಲಿ ಸ್ಪೀಕರ್ ಬಂತು. ಹೊಸದೂ ಹಾಗೇ ಮಾಡಿತು. ಶನಿವಾರ ಬಂದಾಗಲೆಲ್ಲ ಮಗ ಅದನ್ನು ಪೂರ್ತಿ ರಿಸೆಟ್ ಮಾಡುತ್ತಿದ್ದರು. ಹಾಲ್‌ನಲ್ಲಿ ಸೋಫಾ ಮೇಲೆ ಕೂತು, ಫೋನಿನ ಆಪ್ ತೆರೆದು ಹೊಸದಾಗಿ ಜೋಡಿಸುತ್ತಿದ್ದರು. ಅಲ್ಲಿ ಸ್ಪೀಕರ್ ಪಟಪಟ ಮಾತಾಡುತ್ತಿತ್ತು. ಪ್ಲಗ್ ಕಿತ್ತು ಅಜ್ಜಿಯ ಕೋಣೆಗೆ ಒಯ್ದು ಹಾಕಿದರೆ ಕೆಲವು ಸಲ ಮಾತಾಡುತ್ತಿತ್ತು, ಕೆಲವು ಸಲ ಇಲ್ಲ. ಈ ‘ಕೆಲವು ಸಲ’ ಅನ್ನುವುದೇ ಎಲ್ಲರನ್ನೂ ದಾರಿ ತಪ್ಪಿಸಿದ್ದು. ಯಾವಾಗಲೂ ಕೆಡುವ ಸಾಧನದ ತಪ್ಪು ಬೇಗ ಸಿಗುತ್ತದೆ. ಆಗಾಗ ಕೆಡುವುದರಲ್ಲಿ ಕೊನೆಗೆ ಮಾಡಿದ ರಿಪೇರಿಯೇ ಫಲ ಕೊಟ್ಟಿತು ಅಂತ ಅನಿಸಿಬಿಡುತ್ತದೆ.

ಏಪ್ರಿಲ್ ಹೊತ್ತಿಗೆ ಮಗಳು ಒಂದು ಒಳ್ಳೆಯ ವಿಷಯ ಗಮನಿಸಿದರು. ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋದರೆ, ಕರೆಂಟ್ ವಾಪಸ್ ಬಂದ ಮೇಲೆ ಸ್ಪೀಕರ್ ಏಳುತ್ತಿರಲಿಲ್ಲ. ಮನೆಗೆ ಇನ್ವರ್ಟರ್ ಇದೆ. ಆದರೆ ಅದರ ಲೈನ್ ದೀಪ, ಫ್ಯಾನುಗಳಿಗೆ ಮಾತ್ರ. ಫೈಬರ್ ಬಾಕ್ಸ್, ಹಳೇ ರೂಟರ್, ಸ್ಪೀಕರ್ ಮೂರೂ ಇನ್ವರ್ಟರ್ ಇಲ್ಲದ ಪ್ಲಗ್‌ಗಳಲ್ಲಿದ್ದವು. ಹಾಗಾಗಿ ಅಂಗಡಿಯಿಂದ ಸಣ್ಣ ರೂಟರ್ ಯುಪಿಎಸ್ ತಂದು ಫೈಬರ್ ಬಾಕ್ಸ್‌ಗೆ ಹಾಕಿದರು. ಇನ್ನು ಕರೆಂಟ್ ಹೋದರೂ ಇಂಟರ್ನೆಟ್ ಹೋಗುವುದಿಲ್ಲ, ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡರು.

ತೊಂದರೆ ಕಡಿಮೆ ಆಯಿತು, ನಿಲ್ಲಲಿಲ್ಲ. ಮೊದಲು ಕರೆಂಟ್ ಹೋಗಿ ಬಂದಾಗಲೆಲ್ಲ ಕೆಡುತ್ತಿದ್ದದ್ದು ಈಗ ಒಮ್ಮೆ ಕೆಡುತ್ತಿತ್ತು, ಒಮ್ಮೆ ಇಲ್ಲ. ಮನೆಯವರು ಇದನ್ನು ಅರ್ಧ ಗೆಲುವು ಅಂತ ಎಣಿಸಿ, ಉಳಿದರ್ಧ ಸ್ಪೀಕರ್‌ನ ದೋಷ ಅಂತ ತೀರ್ಮಾನಿಸಿದರು. ಬೇರೆ ಕಂಪನಿಯ ಸ್ಪೀಕರ್ ಕೊಳ್ಳುವ ಮಾತು ನಡೆದಿತ್ತು. ಅಷ್ಟರಲ್ಲಿ ಒಂದು ರಾತ್ರಿ ಹನಿಯ ನೆನಪು ಬರಲಿಲ್ಲ. ಮಗಳು ಮದುವೆಗೆ ಹೋಗಿದ್ದರು, ಮೊಮ್ಮಗಳು ಓದಿನಲ್ಲಿ ಮುಳುಗಿದ್ದಳು. ಅಜ್ಜಿ ಹನಿ ಹಾಕಿಕೊಳ್ಳದೆ ಮಲಗಿದರು. ಆಮೇಲೆ ನನಗೆ ಫೋನ್ ಬಂತು.

ಏನು ಕೇಳಿದೆ, ಏನು ನೋಡಿದೆ

ನಾನು ಮೊದಲು ಹೇಳಿದ್ದು: ಹೊಸ ಸ್ಪೀಕರ್ ಈಗಲೇ ಕೊಳ್ಳಬೇಡಿ. ಒಂದೇ ಜಾಗದಲ್ಲಿ ಎರಡು ಸ್ಪೀಕರ್ ಒಂದೇ ರೀತಿ ಕೆಟ್ಟರೆ ತಪ್ಪು ಬಹುಮಟ್ಟಿಗೆ ಜಾಗದ್ದು. ಎರಡನೆಯದಾಗಿ, ಸ್ಪೀಕರ್ ನಿಂತಾಗ ರಿಸೆಟ್ ಮಾಡದೆ ಹಾಗೇ ಬಿಟ್ಟು ನನ್ನನ್ನು ಕರೆಯಿರಿ ಅಂದೆ. ಕೆಟ್ಟ ಸ್ಥಿತಿಯಲ್ಲಿ ನೋಡದೆ ಕಾರಣ ಹುಡುಕುವುದು ಬಹಳ ಕಷ್ಟ. ಅಷ್ಟರವರೆಗೆ ಮೊಮ್ಮಗಳು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಬೇಕು: ಸ್ಪೀಕರ್ ಯಾವಾಗ ನಿಂತಿತು, ಅದಕ್ಕೆ ಮುಂಚೆ ಕರೆಂಟ್ ಹೋಗಿತ್ತಾ, ಅದು ಏನು ಹೇಳಿತು.

ಏನು ಹೇಳಿತು ಅನ್ನುವುದು ನನಗೆ ಬೇಕಾಗಿತ್ತು. ವೈಫೈಯೇ ಸಿಗುತ್ತಿಲ್ಲ ಅನ್ನುವುದು ಬೇರೆ, ವೈಫೈ ಇದೆ ಆದರೆ ಇಂಟರ್ನೆಟ್ ಇಲ್ಲ ಅನ್ನುವುದು ಬೇರೆ. ಮೊದಲನೆಯದಾದರೆ ಸಿಗ್ನಲ್, ಪಾಸ್‌ವರ್ಡ್, ಚಾನೆಲ್ (ವೈಫೈ ಬಳಸುವ ರೇಡಿಯೋ ಪಟ್ಟಿಯ ಭಾಗ) ಕಡೆ ನೋಡಬೇಕು. ಎರಡನೆಯದಾದರೆ ವೈಫೈ ದಾಟಿ ಮುಂದಿನ ದಾರಿ ನೋಡಬೇಕು. ಮೊಮ್ಮಗಳ ನೋಟ್‌ಬುಕ್‌ನಲ್ಲಿ ಇದ್ದದ್ದು ಪ್ರತಿಸಲವೂ ಎರಡನೆಯದು. ಅಂದರೆ ಮನೆಯವರು ಹೊಡೆದಾಡುತ್ತಿದ್ದ ಸಿಗ್ನಲ್ ತೊಂದರೆ ಕೇಬಲ್ ಎಳೆದ ದಿನವೇ ಮುಗಿದಿತ್ತು. ಈಗ ಇರುವುದು ಬೇರೆಯೇ ರೋಗ.

ಸ್ಪೀಕರ್ ನಿಂತ ದಿನ ಹೋದೆ. ಅಜ್ಜಿ ಮಂಚದ ಮೇಲೆ ಕೂತಿದ್ದರು. “ನೋಡಪ್ಪಾ, ಎಲ್ಲರ ಫೋನೂ ಚೆನ್ನಾಗಿ ನಡೀತದೆ. ನನ್ನದೊಂದೇ ಹಟ ಹಿಡಿದು ಕೂತದೆ” ಅಂದರು. ಮಗಳೂ ಅದನ್ನೇ ಹೇಳಿದರು. ಇದೇ ಕೋಣೆಯಲ್ಲಿ, ಇದೇ ವೈಫೈನಲ್ಲಿ ಫೋನ್ ನಡೆಯುತ್ತಿರುವಾಗ ವೈಫೈ ಹೇಗೆ ತಪ್ಪಾಗುತ್ತದೆ? ಕೇಳುವುದರಲ್ಲಿ ನ್ಯಾಯವಿದೆ, ಅಲ್ವಾ?

ಉತ್ತರ ಸಿಕ್ಕಿದ್ದು ಮೊಮ್ಮಗಳ ಒಂದು ಮಾತಿನಿಂದ. “ಅಂಕಲ್, ಅಜ್ಜಿ ರೂಮಲ್ಲಿ ಓದೋಕೆ ಕೂತ್ರೆ ನನ್ನ ಡೇಟಾ ಬೇಗ ಖಾಲಿಯಾಗತ್ತೆ. ವೈಫೈ ಆನ್ ಇದ್ರೂನೂ.” ಸಿಮ್ ಕಂಪನಿಯಿಂದ ಇವತ್ತಿನ ಡೇಟಾ ಮುಗಿಯಿತು ಅಂತ ಮೆಸೇಜ್ ಬರುತ್ತದಂತೆ. ಅವಳು ಅದನ್ನು ಸಿಮ್ ಕಂಪನಿಯ ಮೋಸ ಅಂದುಕೊಂಡಿದ್ದಳು.

ಇಡೀ ಪ್ರಕರಣ ತಿರುಗಿದ್ದು ಅಲ್ಲಿ. ಈಗಿನ ಫೋನುಗಳು ವೈಫೈಗೆ ಸೇರಿದ ಮೇಲೆ ಅಲ್ಲಿ ನಿಜವಾಗಿ ಇಂಟರ್ನೆಟ್ ಇದೆಯಾ ಅಂತ ತಾವೇ ಪರೀಕ್ಷೆ ಮಾಡಿಕೊಳ್ಳುತ್ತವೆ. ಇಲ್ಲದಿದ್ದರೆ ಸದ್ದಿಲ್ಲದೆ ಸಿಮ್‌ನ ಡೇಟಾಕ್ಕೆ ಹೋಗುತ್ತವೆ. ವೈಫೈ ಗುರುತಿನ ಪಕ್ಕ ಒಂದು ಸಣ್ಣ ಆಶ್ಚರ್ಯಸೂಚಕ ಬರಬಹುದು, ಅಷ್ಟೇ. ಅದನ್ನು ಯಾರು ನೋಡುತ್ತಾರೆ? ವಾಟ್ಸ್‌ಆಪ್ ನಡೆಯುತ್ತದೆ, ವೀಡಿಯೋ ನಡೆಯುತ್ತದೆ. ಸ್ಪೀಕರ್‌ಗೆ ಸಿಮ್ ಇಲ್ಲ. ವೈಫೈ ಕೈಕೊಟ್ಟರೆ ಅದಕ್ಕೆ ಬೇರೆ ದಾರಿಯೇ ಇಲ್ಲ. ಆ ಕೋಣೆಯಲ್ಲಿ ಸಿಮ್ ಇಲ್ಲದ ಸಾಧನ ಅದೊಂದೇ. ಲ್ಯಾಪ್‌ಟಾಪ್, ಟಿವಿ ಎರಡೂ ಹಾಲ್‌ನಲ್ಲಿದ್ದವು. ಹಾಗಾಗಿ ಮನೆಯ ವೈಫೈ ಬಗ್ಗೆ ನಿಜ ಹೇಳುತ್ತಿದ್ದದ್ದು ಸ್ಪೀಕರ್. ಎಲ್ಲರೂ ನಂಬಿದ್ದು ಫೋನನ್ನು.

ಮೊಮ್ಮಗಳ ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿಸಿದೆ, ವೈಫೈ ಆಫ್ ಮಾಡಿ ಆನ್ ಮಾಡಿಸಿದೆ. ಯಾವ ಪುಟವೂ ತೆರೆಯಲಿಲ್ಲ. ವೈಫೈ ಸೆಟ್ಟಿಂಗ್‌ನಲ್ಲಿ ಸೇರಿದ ನೆಟ್‌ವರ್ಕ್‌ನ ವಿವರ ತೆರೆದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಆ ಫೋನಿಗೆ ಸಿಕ್ಕ ಸಂಖ್ಯೆ, ನೋಡಿದೆ. 192.168.0 ಅಂತ ಶುರುವಾಗುತ್ತಿತ್ತು. ಗೇಟ್‌ವೇ, ಅಂದರೆ ಹೊರಗಿನ ಇಂಟರ್ನೆಟ್‌ಗೆ ಹೋಗುವ ಬಾಗಿಲಿನ ವಿಳಾಸ, 192.168.0.1. ಹಾಲ್‌ಗೆ ಹೋಗಿ ಲ್ಯಾಪ್‌ಟಾಪ್ ನೋಡಿದರೆ ವಿಳಾಸ 192.168.1 ಅಂತ ಶುರು, ಗೇಟ್‌ವೇ 192.168.1.1. ಒಂದೇ ಮನೆ, ಒಂದೇ ವೈಫೈ ಹೆಸರು, ಎರಡು ಬೇರೆ ಬೇರೆ ವಿಳಾಸದ ಸಾಲು.

ಒಳಗೆ ನಡೆಯುತ್ತಿದ್ದದ್ದು ಏನು

ಯಾವುದೇ ಸಾಧನ ವೈಫೈಗೆ ಸೇರಿದ ತಕ್ಷಣ ನನಗೊಂದು ವಿಳಾಸ ಕೊಡಿ ಅಂತ ನೆಟ್‌ವರ್ಕ್‌ಗೆಲ್ಲ ಕೂಗಿ ಕೇಳುತ್ತದೆ. ರೂಟರ್‌ನಲ್ಲಿರುವ ಡಿಎಚ್‌ಸಿಪಿ ಅನ್ನುವ ವ್ಯವಸ್ಥೆ ಉತ್ತರ ಕೊಡುತ್ತದೆ: ಇದು ನಿನ್ನ ವಿಳಾಸ, ಹೊರಗೆ ಹೋಗಲು ಬಾಗಿಲು ಇದು, ಇಷ್ಟು ಹೊತ್ತು ಇಟ್ಟುಕೋ. ಆ ಬಾಗಿಲಿಗೇ ಗೇಟ್‌ವೇ ಅನ್ನುವುದು. ಒಂದು ಮನೆಯಲ್ಲಿ ಈ ಉತ್ತರ ಕೊಡುವವರು ಒಬ್ಬರೇ ಇರಬೇಕು.

ಇಲ್ಲಿ ಇಬ್ಬರಿದ್ದರು. ಕೇಬಲ್ ಎಳೆದವರು ಫೈಬರ್ ಬಾಕ್ಸ್‌ನ ಲ್ಯಾನ್ ಪೋರ್ಟ್‌ನಿಂದ (ಮನೆಯೊಳಗಿನ ಸಾಧನ ಜೋಡಿಸುವ ಕಿಂಡಿ) ಹಳೇ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿದ್ದರು. ಅದು ಸರಿಯಾದ ಕ್ರಮವೇ. ಆದರೆ ಹಳೇ ರೂಟರ್‌ನ ಡಿಎಚ್‌ಸಿಪಿ ಆಫ್ ಮಾಡಿರಲಿಲ್ಲ. ಅದು ತಾನೇ ಮನೆಯ ಯಜಮಾನ ಅಂತ ನಂಬಿಕೊಂಡು ವಿಳಾಸ ಹಂಚುತ್ತಿತ್ತು, ಹೊರಗಿನ ಬಾಗಿಲು ನಾನೇ ಅಂತ ಹೇಳುತ್ತಿತ್ತು. ಹೊರಗಿನ ಇಂಟರ್ನೆಟ್ ಒಳಗೆ ಬರುವ ಅದರ ಇಂಟರ್ನೆಟ್ ಪೋರ್ಟ್‌ಗೆ ಏನೂ ಜೋಡಿಸಿರಲಿಲ್ಲ. ಊರಿಗೆ ಹೊಸದಾಗಿ ಬಂದವರು ದಾರಿ ಕೇಳಿದಾಗ ಇಬ್ಬರು ಬೇರೆ ಬೇರೆ ರಸ್ತೆ ತೋರಿಸಿದ ಹಾಗೆ, ಅದರಲ್ಲಿ ಒಂದು ರಸ್ತೆ ಮುಂದೆ ಮುಚ್ಚಿದೆ.

ಯಾರ ಉತ್ತರ ಮೊದಲು ಬರುತ್ತದೋ ಅದನ್ನೇ ಸಾಧನಗಳು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತವೆ. ಹಿಂದಿನ ವಿಚಿತ್ರಗಳೆಲ್ಲ ಈಗ ಒಂದೊಂದಾಗಿ ಅರ್ಥವಾದವು. ಕರೆಂಟ್ ಹೋಗಿ ಬಂದಾಗ ಹಳೇ ರೂಟರ್ ಬೇಗ ಏಳುತ್ತಿತ್ತು. ಫೈಬರ್ ಬಾಕ್ಸ್ ಕಂಪನಿಯ ಕಡೆಯೊಂದಿಗೆ ಬೆಳಕಿನ ಸಂಪರ್ಕ ಕಟ್ಟಿಕೊಂಡು ಪೂರ್ತಿ ಏಳಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತಿತ್ತು. ಸ್ಪೀಕರ್ ಎದ್ದು ವಿಳಾಸ ಕೇಳುವ ಹೊತ್ತಿಗೆ ಉತ್ತರಿಸಲು ಇದ್ದದ್ದು ಹಳೇ ರೂಟರ್ ಒಂದೇ. ತಪ್ಪು ವಿಳಾಸ ಖಚಿತ. ಫೈಬರ್ ಬಾಕ್ಸ್‌ಗೆ ಯುಪಿಎಸ್ ಹಾಕಿದ ಮೇಲೆ ಅದು ಎದ್ದೇ ಇರುತ್ತಿತ್ತು, ಆಗ ಇಬ್ಬರ ನಡುವೆ ಓಟದ ಪಂದ್ಯ. ಅದಕ್ಕೇ ಒಮ್ಮೆ ಸರಿ, ಒಮ್ಮೆ ತಪ್ಪು. ಯುಪಿಎಸ್ ತೊಂದರೆಯನ್ನು ಅರ್ಧ ಗುಣಪಡಿಸಿರಲಿಲ್ಲ, ಅದನ್ನು ಗುರುತು ಹಿಡಿಯುವುದು ಮೊದಲಿಗಿಂತ ಕಷ್ಟವಾಗುವಂತೆ ಮಾಡಿತ್ತು. ಕರೆಂಟ್‌ಗೂ ಸ್ಪೀಕರ್‌ಗೂ ನೇರ ಸಂಬಂಧ ಇದೆ ಅನ್ನುವ ಮಗಳ ಒಳ್ಳೆಯ ಸುಳಿವು ಆಮೇಲೆ ಮಸುಕಾಗಿಬಿಟ್ಟಿತು.

ಹಾಲ್‌ನಲ್ಲಿ ಕೂತು ರಿಸೆಟ್ ಮಾಡಿದಾಗ ಸ್ಪೀಕರ್ ಸೇರುತ್ತಿದ್ದದ್ದು ಫೈಬರ್ ಬಾಕ್ಸ್‌ನ ವೈಫೈಗೆ, ಅಲ್ಲಿ ಸರಿಯಾದ ಉತ್ತರವೇ ಬಹಳ ಸಲ ಮೊದಲು ಸಿಗುತ್ತಿತ್ತು. ಪ್ಲಗ್ ಕಿತ್ತು ಹಿಂದೆ ಒಯ್ದರೆ ಮತ್ತೆ ಮೊದಲಿನಿಂದ ಕೇಳಬೇಕು. ಒಮ್ಮೆ ತಪ್ಪು ವಿಳಾಸ ಸಿಕ್ಕರೆ ಅದು ತಾನಾಗಿ ಬಿಡುವುದಿಲ್ಲ. ಕೊಟ್ಟ ಅವಧಿಯ ಅರ್ಧ ಕಳೆದಾಗ ಸಾಧನ ವಿಳಾಸವನ್ನು ಮುಂದುವರಿಸಿ ಅಂತ ಕೇಳುತ್ತದೆ, ಅದೂ ವಿಳಾಸ ಕೊಟ್ಟ ಅದೇ ರೂಟರ್‌ನ ಹತ್ತಿರ. ಹಳೇ ರೂಟರ್ ಆಗಲಿ ಅನ್ನುತ್ತದೆ. ಹೀಗೆ ದಿನಗಟ್ಟಲೆ ನಡೆಯುತ್ತಿತ್ತು.

ಟಿವಿಗೂ ಅಪರೂಪಕ್ಕೆ ಹೀಗಾಗುತ್ತಿತ್ತಂತೆ. ಆಫ್ ಮಾಡಿ ಆನ್ ಮಾಡಿ ಮರೆತುಬಿಡುತ್ತಿದ್ದರು. ಕೇಳಿದ ಮೇಲೆ ನೆನಪಾಯಿತು.

ದಾರಿ ಆಯ್ದುಕೊಂಡದ್ದು

ಇಲ್ಲಿ ಎರಡು ದಾರಿ ಇದ್ದವು. ಸುಲಭವಾದದ್ದು, ಹಳೇ ರೂಟರ್‌ನಲ್ಲಿ ಕೇಬಲ್ ಅನ್ನು ಲ್ಯಾನ್ ಪೋರ್ಟ್‌ನಿಂದ ಕಿತ್ತು ಇಂಟರ್ನೆಟ್ ಪೋರ್ಟ್‌ಗೆ ಹಾಕುವುದು. ಅದರ ಬಾಗಿಲು ಆಗ ನಿಜವಾದ ಬಾಗಿಲಾಗುತ್ತಿತ್ತು, ಸ್ಪೀಕರ್‌ಗೆ ಇಂಟರ್ನೆಟ್ ಸಿಗುತ್ತಿತ್ತು. ಒಂದು ನಿಮಿಷದ ಕೆಲಸ. ನಾನು ಅದನ್ನು ಬೇಡ ಅಂದೆ. ಹಾಗೆ ಮಾಡಿದರೆ ಮನೆಯೊಳಗೆ ಎರಡು ಬೇರೆ ನೆಟ್‌ವರ್ಕ್ ಆಗುತ್ತವೆ. ಹಾಲ್‌ನಲ್ಲಿರುವ ಫೋನ್‌ಗೆ ಹಿಂದಿನ ಕೋಣೆಯ ಸ್ಪೀಕರ್ ಕಾಣುವುದಿಲ್ಲ. ಒಂದು ಸಾಧನ ಇನ್ನೊಂದನ್ನು ಹುಡುಕಲು ಕಳಿಸುವ ಕರೆ ರೂಟರ್ ದಾಟಿ ಆಚೆ ಹೋಗುವುದಿಲ್ಲ. ಮಗಳು ಅಡುಗೆಮನೆಯಿಂದ ತಮ್ಮ ಫೋನ್‌ನಲ್ಲಿ ಹಾಡು ಆರಿಸಿ ಅಜ್ಜಿಯ ಸ್ಪೀಕರ್‌ಗೆ ಕಳಿಸುವ ರೂಢಿ ಇತ್ತು. ಅದು ನಿಂತುಹೋಗುತ್ತಿತ್ತು.

ಆದ್ದರಿಂದ ಎರಡನೇ ದಾರಿ: ಹಳೇ ರೂಟರ್ ಬರೀ ವೈಫೈ ಕೊಡುವ ಪೆಟ್ಟಿಗೆಯಾಗಿ ಇರಬೇಕು, ಯಜಮಾನಿಕೆ ಫೈಬರ್ ಬಾಕ್ಸ್ ಒಂದರದ್ದೇ. ಹೊಸ ರೂಟರ್‌ಗಳಲ್ಲಿ ಇದಕ್ಕೆ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಒಂದು ಆಯ್ಕೆ ಇರುತ್ತದೆ, ಒತ್ತಿದರೆ ಸಾಕು. ಇದರಲ್ಲಿ ಇರಲಿಲ್ಲ. ಕೈಯಿಂದ ಮಾಡಬೇಕಾಯಿತು. ಮೊದಲು ಹಳೇ ರೂಟರ್‌ನಿಂದ ಹಾಲ್‌ನ ಕೇಬಲ್ ಕಿತ್ತು, ಲ್ಯಾಪ್‌ಟಾಪ್ ಅನ್ನು ಅದಕ್ಕೇ ಜೋಡಿಸಿದೆ. ಹಳೇ ರೂಟರ್‌ನ ಸ್ವಂತ ವಿಳಾಸವನ್ನು 192.168.1.2 ಅಂತ ಬದಲಿಸಿದೆ. ಫೈಬರ್ ಬಾಕ್ಸ್ ಇದೇ ವಿಳಾಸವನ್ನು ಬೇರೆ ಯಾರಿಗೂ ಹಂಚದಂತೆ ಅದರ ಹಂಚಿಕೆಯನ್ನು 192.168.1.10ರಿಂದ ಶುರು ಮಾಡಿಸಿದೆ. ಆಮೇಲೆ ಹೊಸ ವಿಳಾಸದಲ್ಲಿ ಹಳೇ ರೂಟರ್ ಒಳಗೆ ಮತ್ತೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿದೆ. ಸೇವ್ ಮಾಡಿ, ಕೇಬಲ್ ಮತ್ತೆ ಲ್ಯಾನ್ ಪೋರ್ಟ್‌ಗೆ ಹಾಕಿದೆ. ವಿಳಾಸ ಬದಲಿಸುವುದನ್ನು ಬಿಡಬಾರದು. ಬಿಟ್ಟರೆ ನಾಳೆ ಆ ರೂಟರ್‌ನ ಪಾಸ್‌ವರ್ಡ್ ಬದಲಿಸಬೇಕಾದಾಗ ಒಳಗೆ ಹೋಗಲು ಒದ್ದಾಡಬೇಕಾಗುತ್ತದೆ.

ಮನೆಯ ಎಲ್ಲ ಸಾಧನಗಳನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿಸಿದೆ. ಹಳೇ ತಪ್ಪು ವಿಳಾಸ ಹಿಡಿದು ಕೂತವು ಬಿಟ್ಟುಕೊಡಬೇಕಲ್ಲ.

ಸ್ಪೀಕರ್ ಮಾತಾಡಿತು. ಮನೆಯವರಿಗೆ ಅಷ್ಟಕ್ಕೇ ಸಮಾಧಾನ ಆಗುವಂತಿತ್ತು. ಆದರೆ ಸ್ಪೀಕರ್ ಇದಕ್ಕೆ ಮುಂಚೆಯೂ ಹಾಗೆ ಎಷ್ಟೋ ಸಲ ಮಾತಾಡಿತ್ತು. ಯಾವ ಸಂದರ್ಭದಲ್ಲಿ ಕೆಡುತ್ತಿತ್ತೋ ಅದೇ ಸಂದರ್ಭವನ್ನು ನಾವೇ ತಂದು ನೋಡಬೇಕು. ಫೈಬರ್ ಬಾಕ್ಸ್‌ನ ಯುಪಿಎಸ್ ತೆಗೆಸಿದೆ. ಮೀಟರ್ ಬೋರ್ಡ್‌ನ ಮೇನ್ ಸ್ವಿಚ್ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಏರಿಸಿದೆವು. ಹಳೇ ರೂಟರ್ ಮೊದಲು ಎದ್ದಿತು. ಸ್ಪೀಕರ್ ಎದ್ದು ಅದಕ್ಕೆ ಸೇರಿತು, ವಿಳಾಸ ಕೊಡುವವರು ಇಲ್ಲದೆ ಕಾಯಿತು. ಫೈಬರ್ ಬಾಕ್ಸ್ ಪೂರ್ತಿ ಎದ್ದ ಮೇಲೆ ಯಾರೂ ಮುಟ್ಟದೆಯೇ ಇಂಟರ್ನೆಟ್ ಹಿಡಿಯಿತು. ಬೇರೆ ಬೇರೆ ಅಂತರ ಬಿಟ್ಟು ಇದನ್ನೇ ಮತ್ತೆ ಮಾಡಿ ನೋಡಿದೆವು, ಯುಪಿಎಸ್ ಹಾಕಿಯೂ ನೋಡಿದೆವು. ಒಮ್ಮೆಯೂ ತಪ್ಪಲಿಲ್ಲ. ಯುಪಿಎಸ್ ಅನ್ನು ಹಾಗೇ ಇಟ್ಟುಕೊಳ್ಳಿ ಅಂದೆ, ಕಾಯುವ ಹೊತ್ತು ಕಡಿಮೆಯಾಗುತ್ತದೆ.

ಮನೆಯವರು ಮೇನ್ ಸ್ವಿಚ್ ಇಳಿಸಲು ಹಿಂಜರಿದಿದ್ದರು. ಆದರೂ ಈ ಪರೀಕ್ಷೆಯನ್ನು ನಾನು ಬಿಡುವುದಿಲ್ಲ. ಆಗಾಗ ಕೆಡುವ ತೊಂದರೆಗೆ ಈಗ ಸರಿಯಿದೆ ಅನ್ನುವುದು ಸಾಕ್ಷಿಯೇ ಅಲ್ಲ.

ಉಳಿದ ಸಣ್ಣ ಕೆಲಸ

ಸಂಜೆ ಹೊತ್ತು ಹಾಡು ತಡವರಿಸುವುದು ಮಾತ್ರ ಉಳಿದಿತ್ತು. ಇದು ಬೇರೆ ತೊಂದರೆ, ಅದಕ್ಕೆ ಬೇರೆ ಕಾರಣ. ಹಾಗಾಗಿ ಮೊದಲನೆಯದು ಪೂರ್ತಿ ಮುಗಿಯುವವರೆಗೆ ಇದನ್ನು ಮುಟ್ಟಿರಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಸ್ಪೀಕರ್ ಇದ್ದದ್ದು ಕಬ್ಬಿಣದ ಬೀರುವಿನ ಹಿಂದಿನ ಗೂಡಿನಲ್ಲಿ. ವೈಫೈ ಅಳೆಯುವ ಆಪ್ ಇಟ್ಟು ನೋಡಿದರೆ ಅಲ್ಲಿ ಮೈನಸ್ 71. ಬೀರುವಿನ ಈಚೆಗೆ, ಮಂಚದ ಪಕ್ಕದ ಮೇಜಿನ ಮೇಲೆ ಮೈನಸ್ 52. ಲೋಹ ವೈಫೈ ಅಲೆಗಳನ್ನು ತಡೆದು ವಾಪಸ್ ಕಳಿಸುತ್ತದೆ. ಸ್ಪೀಕರ್ ಮೇಜಿಗೆ ಬಂತು. ಅಜ್ಜಿಗೂ ಕೈಗೆಟುಕುವ ಜಾಗ.

ಇನ್ನೊಂದು, ಚಾನೆಲ್. 2.4 ಗಿಗಾಹರ್ಟ್ಸ್ ವೈಫೈನಲ್ಲಿ ನಮ್ಮಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ. ಆದರೆ ಅಕ್ಕಪಕ್ಕದ ಚಾನೆಲ್‌ಗಳ ನಡುವೆ ಅಂತರ 5 ಮೆಗಾಹರ್ಟ್ಸ್ ಮಾತ್ರ, ಒಂದು ವೈಫೈ ತೆಗೆದುಕೊಳ್ಳುವ ಜಾಗ 20. ಅದಕ್ಕೇ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವುದು 1, 6, 11 ಈ ಮೂರನ್ನು. ಹಳೇ ರೂಟರ್ 40 ಮೆಗಾಹರ್ಟ್ಸ್ ಅಗಲದಲ್ಲಿ, ಚಾನೆಲ್ ತಾನೇ ಆರಿಸಿಕೊಳ್ಳುವಂತೆ ಇತ್ತು. ಅಷ್ಟು ಅಗಲ ಇಟ್ಟರೆ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅದೇ ಹರಡಿಕೊಳ್ಳುತ್ತದೆ. ಸಂಜೆ ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ ಚುರುಕಾದಾಗ ಎಲ್ಲದರ ಜೊತೆಗೂ ತಿಕ್ಕಾಟ. ನೆರೆಯವರದು ಹೆಚ್ಚಾಗಿ 6ರಲ್ಲಿತ್ತು. ಹಾಲ್‌ನದನ್ನು 1ಕ್ಕೆ, ಹಿಂದಿನದನ್ನು 11ಕ್ಕೆ, ಎರಡನ್ನೂ 20 ಮೆಗಾಹರ್ಟ್ಸ್‌ಗೆ ನಿಲ್ಲಿಸಿದೆ. ಹಾಡು ತಡವರಿಸುವುದು ನಿಂತಿತು.

ಮನೆಯವರ ಜೊತೆ ಇನ್ನೊಂದು ಮಾತು ಆಡಿದೆ. ವೈಫೈ ಎಷ್ಟೇ ಸರಿ ಮಾಡಿದರೂ ಕಣ್ಣಿನ ಹನಿಯ ನೆನಪನ್ನು ಸ್ಪೀಕರ್ ಒಂದಕ್ಕೇ ಬಿಡುವುದು ಬೇಡ. ರಸ್ತೆಯಲ್ಲಿ ಯಾರೋ ಅಗೆದು ಫೈಬರ್ ತುಂಡಾದರೆ ಮನೆಯೊಳಗೆ ನಾವು ಮಾಡುವುದು ಏನೂ ಇಲ್ಲ. ಮಗಳು ಬ್ಯಾಟರಿಯ ಮಾತಾಡುವ ಗಡಿಯಾರ ಒಂದನ್ನು ತಂದರು. ಅದರಲ್ಲಿ ರಾತ್ರಿ 9ಕ್ಕೆ ಅಲಾರಂ ಇದೆ. ಮೊದಲಿಗೆ ಸ್ಪೀಕರ್ ಹೇಳುತ್ತದೆ, ಹಿಂದೆಯೇ ಗಡಿಯಾರ. ಎರಡೂ ಕೂಗಿದರೆ ಅಜ್ಜಿಗೆ ಏನೂ ಬೇಜಾರಿಲ್ಲ.

ಈಗ ಈ ಥರದ ಕರೆ ಬಂದಾಗ ನಾನು ಫೋನ್‌ನಲ್ಲೇ ಎರಡು ಕೆಲಸ ಮಾಡಿಸುತ್ತೇನೆ. ಕೆಟ್ಟ ಸಾಧನದ ಪಕ್ಕ ನಿಂತು, ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಇಟ್ಟುಕೊಂಡು ಯಾವುದಾದರೂ ಪುಟ ತೆರೆದು ನೋಡಿ ಅನ್ನುತ್ತೇನೆ. ಆಮೇಲೆ ಮನೆಯ ಎರಡು ಕಡೆ ನಿಂತು ಐಪಿ ವಿಳಾಸ, ಗೇಟ್‌ವೇ ಓದಿ ಹೇಳಿ ಅನ್ನುತ್ತೇನೆ. ಗೇಟ್‌ವೇ ಎರಡು ಬಗೆ ಇದ್ದರೆ ಮನೆಯಲ್ಲಿ ಎರಡನೇ ರೂಟರ್ ಎಲ್ಲಿದೆ ಅಂತ ಹುಡುಕುವುದು. ಹಳೇ ರೂಟರ್‌ನ ವಿಳಾಸವೂ 192.168.1.1 ಆಗಿದ್ದರೆ ಲಕ್ಷಣ ಬೇರೆ. ಆಗ ಒಂದೇ ವಿಳಾಸಕ್ಕೆ ಎರಡು ಪೆಟ್ಟಿಗೆ ಕಿತ್ತಾಡುತ್ತವೆ, ಒಂದು ಕೋಣೆ ಅನ್ನದೆ ಇಡೀ ಮನೆಯ ಇಂಟರ್ನೆಟ್ ಬಂದು ಹೋಗಿ ಮಾಡುತ್ತದೆ. ಗೇಟ್‌ವೇ ಎರಡು ಬಗೆ ಇದ್ದರೂ ಎರಡೂ ಕಡೆ ಇಂಟರ್ನೆಟ್ ಬರುತ್ತಿದೆ, ಆದರೆ ಫೋನ್‌ಗೆ ಸ್ಪೀಕರ್ ಕಾಣುತ್ತಿಲ್ಲ ಅಂದರೆ ಎರಡನೇ ರೂಟರ್‌ನ ಕೇಬಲ್ ಇಂಟರ್ನೆಟ್ ಪೋರ್ಟ್‌ನಲ್ಲಿದೆಯಾ ನೋಡಬೇಕು.

ಈ ಮನೆಯ ಪರಿಹಾರದಲ್ಲಿ ಒಂದು ದುರ್ಬಲ ಜಾಗ ಉಳಿದಿದೆ. ಯಾರಾದರೂ ಹಳೇ ರೂಟರ್‌ನ ರಿಸೆಟ್ ಗುಂಡಿ ಒತ್ತಿದರೆ ಅದು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಹೋಗುತ್ತದೆ, ಡಿಎಚ್‌ಸಿಪಿ ಮತ್ತೆ ಆನ್ ಆಗುತ್ತದೆ, ಅದೇ ರೋಗ ವಾಪಸ್. ಅದಕ್ಕೆ ರೂಟರ್ ಮೇಲೆ ಕಾಗದ ಅಂಟಿಸಿ ಬರೆದಿದ್ದೇವೆ: ರಿಸೆಟ್ ಒತ್ತಬೇಡಿ, ಡಿಎಚ್‌ಸಿಪಿ ಆಫ್, ವಿಳಾಸ 192.168.1.2, ಕೇಬಲ್ ಲ್ಯಾನ್ ಪೋರ್ಟ್‌ಗೆ ಮಾತ್ರ. ಮಗ ಮುಂದೆ ಆಕ್ಸೆಸ್ ಪಾಯಿಂಟ್ ಮೋಡ್ ಇರುವ ರೂಟರ್ ತರುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಸ್ಪೀಕರ್ ಸುಮ್ಮನಾದರೆ ಮೊದಲು ಅಜ್ಜಿಯ ಕೋಣೆಯಲ್ಲಿ ತನ್ನ ಫೋನಿನ ವಿಳಾಸ 192.168.0 ಅಂತ ಶುರುವಾಗುತ್ತಿದೆಯಾ ಅಂತ ನೋಡುವುದು ಮೊಮ್ಮಗಳ ಜವಾಬ್ದಾರಿ. ಅವಳಿಗೆ ಅದು ಚೆನ್ನಾಗಿ ಗೊತ್ತು.